3.6 ಮೀಟರ್ ಟಾರ್ಪ್ ಅಂತ ಟೋಪಿ ಹಾಕಿಸಿಕೊಂಡೆ, ನೀವು ಬೀಳಬೇಡಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ನನ್ನ ಹಾಗೆ ರಾತ್ರಿಯೆಲ್ಲ ನೆನೆಯೋದು ಬೇಡ.

ಎರಡು ಮರಗಳ ನಡುವೆ ಕಟ್ಟಿ ಮಲಗೋ ಹ್ಯಾಮಕ್ ಒಳ್ಳೆಯದೇ ಇತ್ತು, 3.3 ಮೀಟರ್. ದುಡ್ಡೆಲ್ಲ ಅದಕ್ಕೇ ಹೋಗಿತ್ತು. ಮಳೆ ತಡೆಯೋಕೆ ಮೇಲೆ ಕಟ್ಟೋ ಟಾರ್ಪ್ ಬಟ್ಟೆ ತಾನೇ, ಅಗ್ಗದ್ದು ಸಾಕು ಅಂದುಕೊಂಡೆ. ಆನ್‌ಲೈನ್‌ನಲ್ಲಿ ಒಂದು ಸಿಕ್ಕಿತು. ದಪ್ಪ ಅಕ್ಷರದಲ್ಲಿ '3.6 ಮೀಟರ್, 3000 ಎಂಎಂ ವಾಟರ್‌ಪ್ರೂಫ್'. 3000 ಎಂಎಂ ಅಂದರೆ ಅಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅಂತ. ಇಷ್ಟು ಕಡಿಮೆಗೆ ಇಷ್ಟು ದೊಡ್ಡದಾ ಅಂತ ಖುಷಿಪಟ್ಟೆ ಬೇರೆ! ಬಿಚ್ಚಿ ಅಳೆಯಲೂ ಇಲ್ಲ, ಹಾಗೇ ಬ್ಯಾಗಿಗೆ ತುರುಕಿದೆ. ಅದು ನನ್ನದೇ ತಪ್ಪು.

ಕಾಡಲ್ಲಿ ಬಿಚ್ಚಿದರೆ ಚೌಕ. ನೇರವಾಗಿ ಕಟ್ಟಿದರೆ ಹ್ಯಾಮಕ್‌ನ ತುದಿಗಳು ಹೊರಗೆ. ಸರಿ ಅಂತ ಮೂಲೆಯಿಂದ ಮೂಲೆಗೆ ಎಳೆದು ಕಟ್ಟಿದೆ. ನಡುವೆ ಅಗಲ ಇದೆ, ತುದಿಗೆ ಹೋದ ಹಾಗೆ ಚೂಪು. ಕಾಲಿನ ಹತ್ತಿರ ಆ ಕಡೆ ಈ ಕಡೆ ಅರ್ಧ ಮೀಟರ್ ಬಟ್ಟೆಯೂ ಇಲ್ಲ. ನಡುರಾತ್ರಿ ಮಳೆ ಬಂತು, ಜೊತೆಗೆ ಗಾಳಿ. ಮೊದಲು ಕಾಲು ನೆನೆಯಿತು. ಆಮೇಲೆ ಹೊಟ್ಟೆ ಮೇಲೆ ಟಪ್. ಟಾರ್ಚ್ ಹಾಕಿದರೆ ಹೊಲಿಗೆಯ ಒಂದೊಂದು ಸೂಜಿ ತೂತಲ್ಲೂ ಒಂದೊಂದು ಹನಿ, ಸಾಲಾಗಿ. ಒಳಗಡೆ ತೂತು ಮುಚ್ಚೋ ಟೇಪ್ ಅಂಟಿಸಿಯೇ ಇಲ್ಲ.

ಮನೆಗೆ ಬಂದು ಅಳೆದೆ. ಬದಿ 2.6 ಮೀಟರ್. ಮತ್ತೆ ಅಳೆದೆ. 2.6. ಮಾರಿದವರಿಗೆ ಫೋಟೊ ಕಳಿಸಿದೆ. ಉತ್ತರ: "ಸರ್, 3.6 ಅಂದರೆ ಮೂಲೆಯಿಂದ ಮೂಲೆಗೆ."

ಹೊಟ್ಟೆ ಉರಿದುಹೋಯಿತು. ಯಾಕೆಂದರೆ ಅಳೆದರೆ ಹೌದು, ಇದೆ! ಸುಳ್ಳು ಹೇಳಿಲ್ಲ, ಅದೇ ಸಿಟ್ಟು. ಟಿವಿ ಬಿಟ್ಟರೆ ಯಾವುದನ್ನ ಹೀಗೆ ಮೂಲೆ ಲೆಕ್ಕದಲ್ಲಿ ಮಾರುತ್ತಾರೆ? ಹೊಲಿಗೆ ಸೋರಿದ್ದು ಯಾಕೆ ಅಂದೆ. "3000 ಎಂಎಂ ಬಟ್ಟೆಗೆ ಸರ್, ಹೊಲಿಗೆಗೆ ಅಲ್ಲ." ವಾಪಸ್ ತಗೊಳ್ಳಿ ಅಂದೆ. "ನೆನೆದ ಮಾಲು ವಾಪಸ್ ಇಲ್ಲ ಸರ್."

ನೆನೆದ ಮಾಲು! ಮಳೆಗೆ ಅಂತಲೇ ಮಾರಿದ್ದು ನೆನೆಯದೆ ಇನ್ನೇನಾಗಬೇಕಿತ್ತು?

ಅಗ್ಗದ್ದು ತಗೊಳ್ಳಬೇಡಿ ಅನ್ನುತ್ತಿಲ್ಲ. ಉದ್ದ ಎಷ್ಟು, ಅಗಲ ಎಷ್ಟು, ಎರಡನ್ನೂ ಬರೆದು ಕೊಡೋಕೆ ಹೇಳಿ. ಕಟ್ಟಿದ ಹ್ಯಾಮಕ್‌ಗಿಂತ ಎರಡೂ ತುದಿಯಲ್ಲಿ ಗೇಣಾದರೂ ಜಾಸ್ತಿ ಇರಬೇಕು. 3 ಮೀಟರ್ ಅಗಲ, 4 ಮೀಟರ್ ಉದ್ದ ಇದ್ದರೆ ತಲೆನೋವಿಲ್ಲ. ಹೊಲಿಗೆಯ ಒಳಬದಿಯ ಫೋಟೊ ಕೇಳಿ. ಬಂದ ದಿನವೇ ಅಳೆಯಿರಿ. ನೀರು ಸುರಿದು ನೋಡೋಣ ಅಂದರೆ ಅದು 'ನೆನೆದ ಮಾಲು' ಆಗಿಬಿಡುತ್ತದೆ, ಗೊತ್ತಲ್ಲ.

ಇವತ್ತು ಬೆಳಿಗ್ಗೆ ಆನ್‌ಲೈನ್‌ನಲ್ಲಿ ಅದೇ ಜಾಹೀರಾತು ಮತ್ತೆ ನೋಡಿದೆ. ಅದೇ ಫೋಟೊ. ಅದೇ 3.6.