ಬೈಕಿನ ರಿಸ್ಟ್ರಿಕ್ಟರ್ ತೆಗೆಸಬೇಡಿ, ದಯವಿಟ್ಟು ಪೂರ್ತಿ ಓದಿ

ಮೊನ್ನೆ ಇಲ್ಲಿ ಇಂಗ್ಲೆಂಡಿನ ಕನ್ನಡದವರ ವಾಟ್ಸ್ಆಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. "ಎ2 ಬೈಕ್ ಇರೋರು, ಪಿಕಪ್ ಸಾಲ್ತಿಲ್ಲ ಅಂದ್ರೆ ಪರ್ಸನಲ್ ಆಗಿ ಮೆಸೇಜ್ ಮಾಡಿ. ಭಾನುವಾರ ಒಂದೇ ಗಂಟೆ ಕೆಲಸ." ಕೆಳಗೆ ಮೂರು ಜನ ರೇಟ್ ಕೇಳಿದ್ದಾರೆ. ಅದನ್ನು ನೋಡಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಆ ಮೆಸೇಜ್ ಹಾಕಿದವನೇ ನನ್ನ ಬೈಕಿನ ರಿಸ್ಟ್ರಿಕ್ಟರ್, ಅಂದರೆ ಎಂಜಿನ್ ಪವರನ್ನು ಎ2 ಲೈಸೆನ್ಸಿನ ಮಿತಿಯೊಳಗೆ ತಡೆಹಿಡಿಯುವ ಭಾಗ, ತೆಗೆದುಕೊಟ್ಟವನು. ನನಗಾದದ್ದು ಅವನಿಗೆ ಚೆನ್ನಾಗಿ ಗೊತ್ತು. ಎಲ್ಲ ಗೊತ್ತಿದ್ದೂ ಮತ್ತೆ ಹಾಕಿದ್ದಾನೆ.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಅವನ ಸುತ್ತಲೇ ತಿರುಗುತ್ತದೆ. ನನಗೆ ಬೇಕಿರುವುದು ಆ ಮೂವರು ನಿಲ್ಲಬೇಕು, ಅಷ್ಟೇ.

ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದೇನೆ. ಎಂಎಸ್‌ಸಿ ಮಾಡಲು ಬಂದವನು, ಈಗ ಗ್ರಾಜುಯೇಟ್ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 23. ಊರು ಅರಸೀಕೆರೆ ಹತ್ತಿರ. ಅಲ್ಲಿ ಗೇರ್ ಗಾಡಿಯ ಲೈಸೆನ್ಸ್ ಒಂದು ಸಿಕ್ಕಿದರೆ ಮುಗಿಯಿತು. 100 ಸಿಸಿ ಆದರೂ ಅದೇ ಲೈಸೆನ್ಸ್, 1000 ಸಿಸಿ ಆದರೂ ಅದೇ ಲೈಸೆನ್ಸ್. ಇಲ್ಲಿ ಹಾಗಲ್ಲ ಅಂತ ಬೈಕ್ ಇಟ್ಟುಕೊಂಡವರಿಗೆಲ್ಲ ಗೊತ್ತಿದೆ. ಮೊದಲು ಸಿಬಿಟಿ ಅನ್ನುವ ಕಡ್ಡಾಯ ಮೂಲ ತರಬೇತಿ, ಎಲ್ ಬೋರ್ಡ್, 125 ಸಿಸಿ, 11 ಕಿಲೋವ್ಯಾಟ್ ಒಳಗೆ. 19 ಆದ ಮೇಲೆ ಟೆಸ್ಟ್ ಪಾಸಾದರೆ ಎ2. ಅಂದರೆ 35 ಕಿಲೋವ್ಯಾಟ್, ನಮ್ಮ ಲೆಕ್ಕದಲ್ಲಿ 47 ಎಚ್‌ಪಿ. ದೊಡ್ಡ ಬೈಕ್ ಬೇಕೆಂದರೆ 24 ತುಂಬಬೇಕು, ಇಲ್ಲವೇ ಎ2 ತೆಗೆದುಕೊಂಡು ಎರಡು ವರ್ಷ ಆಗಬೇಕು. ಎರಡರಲ್ಲೂ ಟೆಸ್ಟ್ ಇದ್ದೇ ಇದೆ.

ನಾನು ನಿಯಮದ ಪ್ರಕಾರವೇ ಬಂದವನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಈಗ ಯಾರೂ ನಂಬುವುದಿಲ್ಲ. ಸಿಬಿಟಿ ಮಾಡಿದೆ. ಥಿಯರಿಗೆ 23 ಪೌಂಡ್, ಮಾಡ್ 1 ಅನ್ನುವ ಮೈದಾನದ ಟೆಸ್ಟಿಗೆ 15.50, ಮಾಡ್ 2 ಅನ್ನುವ ರಸ್ತೆಯ ಟೆಸ್ಟಿಗೆ 75 ಕಟ್ಟಿದೆ. ಮಾಡ್ 1 ಎರಡು ಸಲ ಫೇಲ್ ಆದೆ. ಮೂರನೇ ಸಲ ಪಾಸ್ ಆದ ದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ಆಮೇಲೆ 2016ರ ಒಂದು ಯಮಹಾ ಎಂಟಿ-07 ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಪೂರ್ತಿ ಪವರ್ ಇದ್ದರೆ ಅದು ಸುಮಾರು 55 ಕಿಲೋವ್ಯಾಟ್ ಗಾಡಿ. ಎ2ಗೆ ಬೇಕಾದ ರಿಸ್ಟ್ರಿಕ್ಟರ್ ಹಾಕಿ, ಸರ್ಟಿಫಿಕೇಟ್ ಸಮೇತ ಮಾರಿದ್ದರು. ಆ ಸರ್ಟಿಫಿಕೇಟ್ ಪರ್ಸಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ವಿಮೆಯೂ ಎ2 ಬೈಕ್ ಎಂದೇ ಮಾಡಿಸಿದ್ದೆ. ಎಲ್ಲ ಸರಿಯಾಗಿತ್ತು. ಒಂದು ವರ್ಷ ಎಲ್ಲ ಸರಿಯಾಗಿತ್ತು.

ಆ ಮೆಸೇಜ್ ಹಾಕಿದವನು ಸಿಕ್ಕಿದ್ದು ಯುಗಾದಿ ಊಟದಲ್ಲಿ. ನನಗಿಂತ ಏಳೆಂಟು ವರ್ಷ ದೊಡ್ಡವನು, ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಒಂದು ಬೈಕ್ ವರ್ಕ್‌ಶಾಪಿನಲ್ಲಿ ಕೆಲಸ. ನನ್ನ ಗಾಡಿ ಒಂದು ರೌಂಡ್ ಓಡಿಸಿ ಬಂದು, "ಏನ್ ಮಗಾ, ಇದರ ಕತ್ತು ಹಿಸುಕಿ ಇಟ್ಟುಬಿಟ್ಟಿದೀಯ" ಅಂದ. ಎಲ್ಲರೂ ನಕ್ಕರು. ನನಗೆ ಮುಖ ಸಣ್ಣದಾಯಿತು. ಆ ಒಂದು ಮಾತು ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಉಳಿಯಿತು.

ನಾನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಕೇಳಲಿಲ್ಲ ಅಂತಲ್ಲ. ಅವನ ಉತ್ತರ ಒಂದೊಂದೂ ನೆನಪಿದೆ.

"ಪೊಲೀಸ್ ಹಿಡಿದರೆ?"

"ಹೊರಗಿಂದ ಹೇಗೋ ಗೊತ್ತಾಗುತ್ತೆ? ಸರ್ಟಿಫಿಕೇಟ್ ಇದೆ ಅಲ್ವಾ, ತೋರಿಸು. ಮುಗೀತು."

"ಇನ್ಶೂರೆನ್ಸ್?"

"ಅವರಿಗೆ ಯಾಕೆ ಹೇಳ್ತೀಯ? ಗಾಡಿ ಅದೇ, ನಂಬರ್ ಅದೇ."

"ಏನಾದರೂ ಆಕ್ಸಿಡೆಂಟ್ ಆದರೆ?"

"ನನಗೆ ಒಂದು ಫೋನ್ ಮಾಡು. ಹತ್ತು ನಿಮಿಷದಲ್ಲಿ ಬಂದು ವಾಪಸ್ ಹಾಕಿ ಕೊಡ್ತೀನಿ. ಯಾರು ನೋಡ್ತಾರೆ?"

ಈ ಕೊನೆಯ ಮಾತನ್ನು ನಾನು ನಂಬಿದೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ. ರಸ್ತೆಯಲ್ಲಿ ಬಿದ್ದ ಗಾಡಿಯ ಹತ್ತಿರ ಸ್ಪ್ಯಾನರ್ ಹಿಡಿದು ಯಾರು ಬರುತ್ತಾರೆ? ಆದರೆ ಅವನು ಹೇಳಿದ ರೀತಿ ಹಾಗಿತ್ತು. ನಮ್ಮ ಕಡೆಯವನು, ಕನ್ನಡದಲ್ಲಿ ಮಾತಾಡುತ್ತಾನೆ, ಅಣ್ಣನ ಹಾಗೆ ಹೆಗಲ ಮೇಲೆ ಕೈ ಹಾಕುತ್ತಾನೆ. ಪರದೇಶದಲ್ಲಿ ಅದೊಂದು ಸಾಕು, ನಂಬಿಬಿಡುತ್ತೇವೆ.

ಒಂದು ಭಾನುವಾರ 140 ಪೌಂಡ್ ಕೊಟ್ಟೆ, ಕ್ಯಾಶ್. ಟ್ಯಾಂಕ್ ಎತ್ತಿ, ಏರ್ ಬಾಕ್ಸ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆಯದ ಹಾಗೆ ತಡೆಯುವ ಒಂದು ಸಣ್ಣ ಲೋಹದ ತುಂಡು ತೆಗೆದ. ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟ. ಜೊತೆಗೆ ಒಂದು ಬಿಲ್ ಬರೆದ. ಬಿಲ್ಲಿನಲ್ಲಿ "ಜನರಲ್ ಸರ್ವಿಸ್" ಅಂತ ಇತ್ತು. ನಾನು ನೋಡಿದೆ. ನನ್ನ ಒಳ್ಳೆಯದಕ್ಕೇ ಹಾಗೆ ಬರೆದಿದ್ದಾನೆ ಅಂದುಕೊಂಡು ಥ್ಯಾಂಕ್ಸ್ ಕೂಡ ಹೇಳಿದೆ.

ಗಾಡಿ ಚೆನ್ನಾಗಿ ಓಡಿತು. ಸುಳ್ಳು ಹೇಳುವುದಿಲ್ಲ, ಮೂರು ತಿಂಗಳು ಖುಷಿಯಾಗಿತ್ತು. ಆದರೆ ನನ್ನ ಕೈಗೆ ಆ ಗಾಡಿ ಗೊತ್ತಿರಲಿಲ್ಲ. ಒಂದು ವರ್ಷ ರಿಸ್ಟ್ರಿಕ್ಟರ್ ಇದ್ದ ಗಾಡಿ ಓಡಿಸಿ, ಎಷ್ಟು ತಿರುಗಿಸಿದರೂ ಇಷ್ಟೇ ಬರುತ್ತದೆ ಅಂತ ಕೈಗೆ ಅಭ್ಯಾಸ ಆಗಿತ್ತು. ಆ ಅಭ್ಯಾಸದ ಕೈಗೆ ಈಗ 74 ಎಚ್‌ಪಿ. ಹಳೆಯ ಮಾಡೆಲ್, ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಬೇರೆ ಇಲ್ಲ.

ಅಕ್ಟೋಬರ್. ಬೆಳಗಿನಿಂದ ಜಿಟಿಜಿಟಿ ಮಳೆ. ಕೆಲಸದಿಂದ ಬರುವಾಗ ರೌಂಡ್‌ಅಬೌಟಿನಿಂದ ಹೊರಗೆ ಬರುತ್ತಿದ್ದೆ. ಎರಡನೇ ಗೇರ್. ಗಾಡಿ ಇನ್ನೂ ವಾಲಿಕೊಂಡೇ ಇತ್ತು, ನಾನು ಆಕ್ಸಿಲರೇಟರ್ ಕೊಟ್ಟೆ. ಹಿಂದಿನ ಚಕ್ರ ರಸ್ತೆಯ ಬಿಳಿ ಪಟ್ಟಿಯ ಮೇಲಿತ್ತು. ಅಷ್ಟೇ. ಹಿಂಭಾಗ ಜಾರಿತು, ನಾನು ಒಂದು ಕಡೆ, ಗಾಡಿ ಒಂದು ಕಡೆ. ಗಾಡಿ ಉಜ್ಜಿಕೊಂಡು ಹೋಗಿ ಎದುರು ನಿಂತಿದ್ದ ಕಾರಿನ ಬಾಗಿಲಿಗೆ ಬಡಿಯಿತು. ಒಳಗೆ ವಯಸ್ಸಾದ ಒಬ್ಬ ಹೆಂಗಸು ಇದ್ದರು. ಅವರ ಮಣಿಕಟ್ಟಿಗೆ ಪೆಟ್ಟಾಗಿತ್ತು. ನನ್ನ ಕಾಲರ್‌ಬೋನ್ ಮುರಿದಿತ್ತು. ಆ ಅಮ್ಮ ತಾವೇ ಇಳಿದು ಬಂದು ನನ್ನ ಪಕ್ಕ ಮಳೆಯಲ್ಲಿ ಕೂತರು. "ಯು ಆಲ್‌ರೈಟ್, ಲವ್?" ಅಂತ ಕೇಳುತ್ತಲೇ ಇದ್ದರು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಪೊಲೀಸ್ ಬಂದರು. ಲೈಸೆನ್ಸ್ ನೋಡಿ, "ಇದು ಎ2. ಗಾಡಿಗೆ ರಿಸ್ಟ್ರಿಕ್ಟರ್ ಇದೆಯಾ?" ಅಂತ ಕೇಳಿದರು. ನಾನು ಹೌದು ಅಂದೆ. ಸರ್ಟಿಫಿಕೇಟ್ ತೋರಿಸಿದೆ. ಅವನು ಹೇಳಿಕೊಟ್ಟ ಹಾಗೇ ಮಾಡಿದೆ. ನನ್ನ ಜೀವನದಲ್ಲಿ ಪೊಲೀಸರ ಮುಂದೆ ಸುಳ್ಳು ಹೇಳಿದ್ದು ಅದೇ ಮೊದಲು.

ಗಾಡಿಯನ್ನು ವಿಮೆಯವರ ಯಾರ್ಡಿಗೆ ಟೋ ಮಾಡಿದರು. ಆಸ್ಪತ್ರೆಯಿಂದಲೇ ಇವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಹತ್ತು ನಿಮಿಷದಲ್ಲಿ ಬರುತ್ತೇನೆ ಅಂದವನು.

ಒಂಬತ್ತು ದಿನಕ್ಕೆ ವಿಮೆಯವರ ಫೋನ್ ಬಂತು. ಅವರ ಎಂಜಿನಿಯರ್ ಗಾಡಿ ಬಿಚ್ಚಿ ನೋಡಿದ್ದಾರೆ. ಇಂತಹ ಕೇಸಿನಲ್ಲಿ, ಅದರಲ್ಲೂ ಎ2 ಲೈಸೆನ್ಸ್ ಇದ್ದು ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ, ಅವರು ನೋಡಿಯೇ ನೋಡುತ್ತಾರೆ. ಸರ್ಟಿಫಿಕೇಟಿನಲ್ಲಿ ಬರೆದ ಭಾಗ ಗಾಡಿಯಲ್ಲಿ ಇಲ್ಲ. ಫೋನ್ ಮಾಡಿದ್ದ ವಿಮೆ ಕಂಪನಿಯ ಹೆಣ್ಣುಮಗಳು ತುಂಬಾ ಸಮಾಧಾನವಾಗಿ ಕೇಳಿದರು: "ಆ ಪಾರ್ಟ್ ಎಲ್ಲಿದೆ ಅಂತ ನಿಮಗೆ ಗೊತ್ತಾ?"

ಅದು ನನ್ನ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಅದೇ ಪ್ಲಾಸ್ಟಿಕ್ ಕವರಿನಲ್ಲಿ. ಚಮಚಗಳ ಪಕ್ಕದಲ್ಲಿ. ನಾನು ಡ್ರಾಯರ್ ತೆರೆದು ಅದನ್ನೇ ನೋಡುತ್ತಾ ನಿಂತಿದ್ದೆ, ಫೋನ್ ಕಿವಿಯಲ್ಲಿತ್ತು, ಬಾಯಿಂದ ಮಾತು ಬರಲಿಲ್ಲ.

ಆಮೇಲೆ ಬೇರೆ ನಂಬರಿನಿಂದ ಇವನಿಗೆ ಫೋನ್ ಮಾಡಿದೆ. ಎತ್ತಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಾನು ಏನೂ ತೆಗೆದಿಲ್ಲ. ಸರ್ವಿಸ್ ಮಾಡಿಕೊಟ್ಟಿದ್ದೆ. ಬಿಲ್ ನೋಡು."

ನಾನು, "ಅಣ್ಣ, ತೆಗೆದ ಪಾರ್ಟ್ ನೀವೇ ಕೈಗೆ ಕೊಟ್ರಲ್ಲ" ಅಂದೆ.

"ಯಾವ ಪಾರ್ಟ್? ನೋಡು, ನಿನ್ನ ಗಾಡಿ, ನಿನ್ನ ಲೈಸೆನ್ಸ್. ನಾನೇನು ನಿನ್ನ ಕೈ ಹಿಡಿದು ಓಡಿಸಿದ್ನಾ? ಮಳೆಯಲ್ಲಿ ಓಡಿಸೋಕೆ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಬಿಲ್ ನೋಡು. ಆಗ ಗೊತ್ತಾಯಿತು. ಜನರಲ್ ಸರ್ವಿಸ್ ಅಂತ ಬರೆದದ್ದು ನನಗಾಗಿ ಅಲ್ಲ, ತನಗಾಗಿ. ಅವತ್ತು ಪೆನ್ ಎತ್ತಿದಾಗಲೇ ಈ ಫೋನ್ ಒಂದು ದಿನ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು. ನಾನು ಅದಕ್ಕೆ ಥ್ಯಾಂಕ್ಸ್ ಹೇಳಿದ್ದೆ. ಮೂಳೆ ಮುರಿದಿದ್ದಕ್ಕಿಂತ ಇದು ಜಾಸ್ತಿ ನೋಯಿಸಿತು.

ವರ್ಕ್‌ಶಾಪಿಗೂ ಹೋದೆ. ಅದರ ಮಾಲೀಕರು, ಭಾನುವಾರ ನಮ್ಮ ಅಂಗಡಿ ಮುಚ್ಚಿರುತ್ತದೆ, ಈ ಬಿಲ್ ನಮ್ಮ ಲೆಕ್ಕದಲ್ಲೇ ಇಲ್ಲ ಅಂದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಈಗ ಏನಾಯಿತು ಅಂತ ಕೇಳಿ. ವಿಮೆಯವರು ನನಗೆ ಒಂದು ಪೈಸೆ ಕೊಡಲಿಲ್ಲ. ಲೈಸೆನ್ಸ್ ಒಪ್ಪದ ಗಾಡಿಗೆ ವಿಮೆ ಅನ್ವಯಿಸುವುದಿಲ್ಲ ಅಂತ ಪತ್ರ ಬಂತು, ಪಾಲಿಸಿಯನ್ನೂ ರದ್ದು ಮಾಡಿದರು. ಇಲ್ಲಿನ ಕಾನೂನಿನಲ್ಲಿ ಎದುರಿನವರ ನಷ್ಟವನ್ನು ವಿಮೆಯವರು ಮೊದಲು ಕಟ್ಟಿಕೊಡಬೇಕಾಗುತ್ತದೆ. ಆಮೇಲೆ ಆ ಹಣವನ್ನು ನಮ್ಮಿಂದ ವಸೂಲಿ ಮಾಡಬಹುದು. ಮಾಡುತ್ತಿದ್ದಾರೆ. ಕಾರಿನ ರಿಪೇರಿ, ಆ ಅಮ್ಮನಿಗೆ ಕೊಟ್ಟ ಬಾಡಿಗೆ ಕಾರು, ಸೇರಿ 4,700 ಪೌಂಡ್. ಮಣಿಕಟ್ಟಿನ ಪರಿಹಾರ ಇನ್ನೂ ಲೆಕ್ಕವಾಗಿಲ್ಲ. ತಿಂಗಳಿಗೆ 150 ಕಟ್ಟುತ್ತಿದ್ದೇನೆ. ಗಾಡಿ ಗುಜರಿಗೆ ಹೋಯಿತು, ಅದರ ಸಾಲ ಹೋಗಿಲ್ಲ.

ಪೊಲೀಸರಿಂದ ವಿಮೆ ಇಲ್ಲದೆ ಓಡಿಸಿದ ಕೇಸ್. 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್. ಕೋರ್ಟಿಗೆ ಹೋಗಿದ್ದರೆ 8ರವರೆಗೂ ಹಾಕಬಹುದಿತ್ತು, ದಂಡಕ್ಕೆ ಮಿತಿಯೂ ಇಲ್ಲ. 6 ಪಾಯಿಂಟ್ ಅಷ್ಟೇ ಅಲ್ವಾ ಅಂದುಕೊಳ್ಳಬೇಡಿ. ಇಲ್ಲಿ ಮೊದಲ ಸಲ ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು. 1995ರಲ್ಲಿ ಮಾಡಿದ ಕಾನೂನು. ನಾನು ಪಾಸಾಗಿ 15 ತಿಂಗಳಾಗಿತ್ತು. ಲೈಸೆನ್ಸ್ ಕೊಡುವ ಇಲಾಖೆ ಡಿವಿಎಲ್‌ಎಯಿಂದ ಪತ್ರ ಬಂತು. ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸಿನಿಂದ ಮತ್ತೆ ಶುರು ಮಾಡಬೇಕು. ಸಿಬಿಟಿ, ಥಿಯರಿ, ಮಾಡ್ 1, ಮಾಡ್ 2, ಎಲ್ಲ ಮೊದಲಿನಿಂದ. ನಾಲ್ಕು ವರ್ಷ ಆ ಪಾಯಿಂಟ್ ದಾಖಲೆಯಲ್ಲಿ ಇರುತ್ತದೆ. ಪಾಲಿಸಿ ರದ್ದಾಗಿದೆಯಾ ಅಂತ ಪ್ರತಿ ವಿಮೆಯವರೂ ಕೇಳುತ್ತಾರೆ. ನಾನು ಹೌದು ಅನ್ನಬೇಕು.

ನನಗೆ 24 ತುಂಬಲು ಉಳಿದಿದ್ದು ಆರು ತಿಂಗಳು. ಆರೇ ತಿಂಗಳು. ಕಾದು, ಟೆಸ್ಟ್ ಕೊಟ್ಟು, ಅದೇ ರಿಸ್ಟ್ರಿಕ್ಟರನ್ನು ರಾಜಾರೋಷವಾಗಿ ತೆಗೆಸಬಹುದಿತ್ತು.

ವೀಸಾ ಮೇಲೆ ಇರುವವರು ಇದನ್ನು ಓದಿ. ಸ್ಕಿಲ್ಡ್ ವರ್ಕರ್ ವೀಸಾಗೆ ಅರ್ಜಿ ತುಂಬುವಾಗ ಅಪರಾಧಗಳ ಬಗ್ಗೆ ಕೇಳುವ ಪುಟ ಇದೆಯಲ್ಲ, ಅಲ್ಲಿ ಡ್ರೈವಿಂಗ್ ತಪ್ಪಿಗೆ ಆದ ದಂಡವನ್ನೂ ಕೇಳುತ್ತಾರೆ. ಉದಾಹರಣೆಗೆ ಅಂತ ಕೊಟ್ಟಿರುವುದರಲ್ಲೇ ಮೋಟಾರ್ ವಿಮೆ ಇಲ್ಲದಿರುವುದು ಇದೆ. ನಾನು ಹಿಂದೆ ಆ ಪುಟವನ್ನು ಓದದೆ ಇಲ್ಲ, ಇಲ್ಲ, ಇಲ್ಲ ಅಂತ ಒತ್ತಿ ಮುಂದೆ ಹೋಗಿದ್ದೆ. ಮುಂದಿನ ವರ್ಷ ಹೌದು ಅಂತ ಒತ್ತಿ, ಆಗಿದ್ದೆಲ್ಲ ಬರೆಯಬೇಕು. ಕಂಪನಿಯವರಿಗೂ ಹೇಳಬೇಕು. ಅಪ್ಪನಿಗೆ ಬಿದ್ದದ್ದು ಮಾತ್ರ ಗೊತ್ತು. ಯಾಕೆ ಬಿದ್ದೆ ಅಂತ ಇನ್ನೂ ಹೇಳಿಲ್ಲ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ನನ್ನನ್ನು ಇಲ್ಲಿಗೆ ಕಳಿಸಿದ ಮನುಷ್ಯ. ಹೇಗೆ ಹೇಳಲಿ?

ಈಗಾಗಲೇ ತೆಗೆಸಿದವರು ಇದ್ದರೆ, ಗಾಡಿ ಮುಟ್ಟಬೇಡಿ. ವ್ಯಾನಿನಲ್ಲಿ ಹಾಕಿಸಿಕೊಂಡು ಒಂದು ಸರಿಯಾದ ಅಂಗಡಿಗೆ ಹೋಗಿ. ರಿಸ್ಟ್ರಿಕ್ಟರ್ ವಾಪಸ್ ಹಾಕಿಸಿ, ಹೊಸ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಎ2 ಬೈಕ್ ಕೊಳ್ಳುವವರು ಬರೀ ಸರ್ಟಿಫಿಕೇಟ್ ನಂಬಬೇಡಿ. ನನ್ನ ಹತ್ತಿರವೂ ಸರ್ಟಿಫಿಕೇಟ್ ಇತ್ತು. ಮಾರುವವರ ಮುಂದೆಯೇ ಬಿಚ್ಚಿಸಿ ನೋಡಿ. ಕೆಲವು ಗಾಡಿಗಳಲ್ಲಿ ತುಂಡು ಇರುವುದಿಲ್ಲ, ಇಸಿಯು ಅನ್ನುವ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿರುತ್ತಾರೆ. ಅದನ್ನು ಪವರ್ ಅಳೆಯುವ ಡೈನೋ ಯಂತ್ರದ ಮೇಲೆ ಹಾಕಿಸಿಯೇ ನೋಡಬೇಕು. ಡೆಲಿವರಿ ಮಾಡುವ ಹುಡುಗರು ಸಿಬಿಟಿ ಮೇಲೆ 50 ಸಿಸಿ ಸ್ಕೂಟರಿನ ಲಿಮಿಟ್ ತೆಗೆಸುತ್ತಾರೆ ಅಂತಲೂ ಕೇಳಿದ್ದೇನೆ. ಅದನ್ನೂ ಮಾಡಬೇಡಿ.

ನಿಮ್ಮ ತಲೆ ಸವರುತ್ತಾ, "ಏನೂ ಆಗಲ್ಲ ಮಗಾ" ಅನ್ನುವವರಿಗೆ ಒಂದು ಮಾತು ಹೇಳಿ: ತೆಗೆದದ್ದನ್ನು ಬಿಲ್ಲಿನಲ್ಲಿ ಬರೆದುಕೊಡಿ ಅಂತ. ಬರೆಯುತ್ತಾರಾ ನೋಡಿ.

ಗ್ರೂಪಿನಲ್ಲಿ ರೇಟ್ ಕೇಳಿದ ಮೂವರಿಗೂ ನಾನು ಪರ್ಸನಲ್ ಆಗಿ ಬರೆದಿದ್ದೇನೆ. ಇಬ್ಬರು ಉತ್ತರ ಕೊಟ್ಟರು, ಬಿಟ್ಟುಬಿಟ್ಟೆವು ಅಂದರು. ಮೂರನೆಯವರು ಇನ್ನೂ ನನ್ನ ಮೆಸೇಜ್ ನೋಡಿಲ್ಲ. ನೀವು ಯಾರೋ ನನಗೆ ಗೊತ್ತಿಲ್ಲ. ಪ್ರೊಫೈಲ್ ಫೋಟೋದಲ್ಲಿ ಹೊಸ ಹೆಲ್ಮೆಟ್ ಇದೆ. ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ನನಗೆ ಫೋನ್ ಮಾಡಿ. ಭಾನುವಾರ ಬರುವುದರೊಳಗೆ.