ಹೊಸ ಫೈರ್ ಇಂಜಿನ್ ಜೊತೆ ಮೂರು ವರ್ಷ: ಪಂಪಿನ ಮುಂದೆ ನಿಲ್ಲುವವನ ಅನುಭವ

ನಮ್ಮದು ಸ್ವಯಂಸೇವಕರ ಅಗ್ನಿಶಾಮಕ ದಳ. ಕರೆ ಬಂದರೆ ಕೈಯಲ್ಲಿರೋ ಕೆಲಸ ಬಿಟ್ಟು ಓಡುತ್ತೇವೆ. ನಾನು ಪಂಪು ನೋಡಿಕೊಳ್ಳುವವನು. ಹಳೇ ಗಾಡಿಯ ಪಂಪಿನ ಮುಂದೆ 11 ವರ್ಷ ನಿಂತಿದ್ದೇನೆ, ಹೊಸದರ ಮುಂದೆ ಈಗ 3 ವರ್ಷ.

ಹಳೇ ಗಾಡಿಗೆ 28 ವರ್ಷ ಆಗಿತ್ತು. "ಓಡಿರೋದೇ ಕಮ್ಮಿ, ಯಾಕೆ ಬದಲಾಯಿಸ್ತೀರಿ?" ಅಂತ ತುಂಬಾ ಜನ ಕೇಳಿದರು. ಆದರೆ ಫೈರ್ ಇಂಜಿನ್ ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಮೇಲ್ಮೈ ಸವೆದಿರಲಿಲ್ಲ, ಪಕ್ಕದ ರಬ್ಬರ್ ಮಾತ್ರ ಬಿರುಕು ಬಿಟ್ಟಿತ್ತು. ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿದಿತ್ತು. 15 ವರ್ಷ ದಾಟಿದ ಗಾಡಿಯನ್ನು ಮೀಸಲಿಗೆ ಇಡಿ, 25 ದಾಟಿದರೆ ಸೇವೆಯಿಂದಲೇ ತೆಗೆಯಿರಿ ಅಂತ ಬೆಂಕಿ ಸುರಕ್ಷತೆಯ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎನ್‌ಎಫ್‌ಪಿಎ ಸಲಹೆ ಕೊಟ್ಟಿರೋದು ಸುಮ್ನೆ ಅಲ್ಲ.

ನನ್ನ ಮನಸ್ಸು ಬದಲಾಗಿದ್ದು ಒಂದು ವ್ಯಾಕ್ಯೂಮ್ ಪರೀಕ್ಷೆಯಿಂದ. ಪಂಪಿನ ಬಾಯಿಗಳನ್ನೆಲ್ಲ ಮುಚ್ಚಿ, ಪ್ರೈಮರ್‌ನಿಂದ (ಗಾಳಿ ಹೊರತೆಗೆಯುವ ಚಿಕ್ಕ ಪಂಪು) ಒಳಗಿನ ಗಾಳಿ ಎಳೆದು, ನಿಲ್ಲಿಸಿ ಗೇಜು ನೋಡಬೇಕು. ಮುಳ್ಳು ಬೇಗ ಇಳಿಯಬಾರದು. ನಮ್ಮದು ಕಣ್ಣೆದುರೇ ಇಳಿಯುತ್ತಾ ಹೋಯಿತು. ಎಲ್ಲೋ ಗಾಳಿ ಒಳಗೆ ಬರುತ್ತಿದೆ ಎಂದರ್ಥ. ಅಂಥ ಪಂಪು ಕೆರೆಯಿಂದ ನೀರು ಎಳೆಯುತ್ತದೆ ಅಂತ ನಂಬುವ ಹಾಗಿಲ್ಲ. ಒಳ್ಳೇ ಪಂಪಿಗೂ 7 ಮೀಟರ್ ಆಳದಿಂದ ಎಳೆಯುವುದು ಕಷ್ಟದ ಕೆಲಸ.

ಇದು ಯಾಕೆ ಇಷ್ಟು ಮುಖ್ಯ? ಹೊಸ ಗಾಡಿಯಲ್ಲಿ 3000 ಲೀಟರ್ ನೀರು ಹಿಡಿಯುತ್ತದೆ. ಪಂಪು 10 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 2000 ಲೀಟರ್ ತಳ್ಳುತ್ತದೆ. ಪೂರ್ತಿ ಬಿಟ್ಟರೆ ಒಂದೂವರೆ ನಿಮಿಷಕ್ಕೆ ಟ್ಯಾಂಕು ಖಾಲಿ! ಆಮೇಲೆ ಹೊರಗಿನ ನೀರೇ ಗತಿ. ಹೊಸ ಪಂಪು ಈ 3 ವರ್ಷದಲ್ಲಿ ಒಂದು ಸಲವೂ ನೀರು ಎಳೆಯದೆ ಇದ್ದಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಒತ್ತಡ ಕಾಯುವ ಗವರ್ನರ್. ಮೊದಲು ಎರಡು ಪೈಪಿನಲ್ಲಿ ನೀರು ಓಡುವಾಗ ಒಬ್ಬರು ಬ್ರಾಂಚ್ (ಪೈಪಿನ ತುದಿಯ ನಳಿಕೆ) ಮುಚ್ಚಿದರೆ, ಒತ್ತಡ ಏರಿ ಇನ್ನೊಬ್ಬರ ಕೈಯಲ್ಲಿನ ಪೈಪು ಹಾವಿನ ಹಾಗೆ ಎಗರುತ್ತಿತ್ತು. ನಾನು ಥ್ರಾಟಲ್ ಮೇಲೆ ಕೈಯಿಟ್ಟು, ಗೇಜಿನಿಂದ ಕಣ್ಣು ಕೀಳದೆ ನಿಲ್ಲಬೇಕಿತ್ತು. ಈಗ ಪಂಪು ತಿರುಗಿಸುವ ಇಂಜಿನ್ ವೇಗವನ್ನು ಗವರ್ನರ್ ತಾನಾಗಿಯೇ ಇಳಿಸುತ್ತದೆ. ನನಗೆ ತಲೆಯೆತ್ತಿ ಬೆಂಕಿ ಕಡೆ, ನಮ್ಮವರ ಕಡೆ ನೋಡಲು ಆಗುತ್ತದೆ.

ಆದರೆ ದಳದ ಬದುಕನ್ನೇ ಬದಲಾಯಿಸಿದ್ದು ಆಟೋಮ್ಯಾಟಿಕ್ ಗೇರು. ಹಳೇ ಗಾಡಿಯ ಗೇರು ಕೂರಿಸಲು ಡಬಲ್ ಕ್ಲಚ್ ಬೇಕಿತ್ತು, ಅಂದರೆ ಪ್ರತಿ ಸಲ ಕ್ಲಚ್ ಎರಡು ಬಾರಿ ಒತ್ತಬೇಕು. ಹಾಗೆ ಓಡಿಸಲು ಬರುತ್ತಿದ್ದವರು ಮೂರೇ ಜನ. ಹಗಲು ಹೊತ್ತು ಅವರು ಅವರವರ ಕೆಲಸದಲ್ಲಿ ಇರುತ್ತಿದ್ದರು. ಜನ ಸೇರಿದ್ದರೂ ಓಡಿಸುವವರಿಲ್ಲದೆ ಗಾಡಿ ನಿಂತದ್ದುಂಟು. ಆ ನಿಮಿಷಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈಗ ಒಂಬತ್ತು ಜನ ಓಡಿಸುತ್ತಾರೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಇದೆ. ಉಸಿರಾಟದ ಸಿಲಿಂಡರ್ ಸೀಟಿನ ಬೆನ್ನಿಗೇ ಇದೆ. ಅದನ್ನು ಹಾಕಿಕೊಳ್ಳಲು ಓಡುವ ಗಾಡಿಯಲ್ಲಿ ಯಾರೂ ಎದ್ದು ನಿಲ್ಲಬೇಕಿಲ್ಲ.

ತೊಂದರೆಗಳೂ ಇವೆ. ದೊಡ್ಡದು ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ಸ್ವಚ್ಛವಾಗಲು ಇಂಜಿನ್ ಚೆನ್ನಾಗಿ ಬಿಸಿಯಾಗಿ ತುಂಬಾ ಹೊತ್ತು ಓಡಬೇಕು. ನಮ್ಮ ಓಟವೆಲ್ಲ ಚಿಕ್ಕದು. ಆರನೇ ತಿಂಗಳಲ್ಲಿ ಎಚ್ಚರಿಕೆ ದೀಪ ಹತ್ತಿ, ವಾಪಸ್ ಬರುವಾಗ ಇಂಜಿನ್ ಎಳೆಯಲೇ ಇಲ್ಲ. ಮಾರಿದವರು ಇದನ್ನು ಮೊದಲೇ ಹೇಳಿರಲಿಲ್ಲ, ಅದು ನನಗೆ ಬೇಸರ. ಈಗ ವಾರಕ್ಕೊಮ್ಮೆ 40 ನಿಮಿಷ ಹೆದ್ದಾರಿಯಲ್ಲಿ ಓಡಿಸುತ್ತೇವೆ. ಆಮೇಲೆ ದೀಪ ಹತ್ತಿಲ್ಲ. ಇನ್ನೊಂದು, ರಿಪೇರಿ ನಮ್ಮ ಕೈಯಲ್ಲಿಲ್ಲ. ಒಂದು ಸೆನ್ಸರ್ ಕೆಟ್ಟಿದ್ದಕ್ಕೆ 9 ದಿನ ಕಾದೆವು. ಹಳೇ ಗಾಡಿಯಾದರೆ ಸ್ಪ್ಯಾನರ್ ಹಿಡಿದು ಸಂಜೆಯೊಳಗೆ ನಾವೇ ಸರಿ ಮಾಡುತ್ತಿದ್ದೆವು.

ಆರ್ಡರ್ ಕೊಡುವವರಿದ್ದರೆ ಪಂಪು ನಡೆಸುವವರನ್ನೂ ತಪ್ಪದೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಹೊಗೆ ಕೊಳವೆಯ ಬಾಯಿ ಪಂಪಿನ ಪಕ್ಕಕ್ಕೇ ಬಂದಿತ್ತು. ಅರ್ಧ ಗಂಟೆ ನಿಂತರೆ ಕಣ್ಣು ಉರಿ, ತಲೆನೋವು. ಆಮೇಲೆ ದಳದ ಖರ್ಚಿನಲ್ಲೇ ಅದನ್ನು ಆಚೆ ಬದಿಗೆ ತಿರುಗಿಸಿದೆವು.