ಶಿಯಾನ್‌ನಲ್ಲಿ ‘ಚಕ್ರವರ್ತಿಯ ಗೋರಿ ಒಳಗೆ ತೋರಿಸ್ತೀವಿ’ ಅಂದರೆ ನಂಬಬೇಡಿ

ಚೀನಾದ ಶಿಯಾನ್‌ಗೆ ಮಣ್ಣಿನ ಸೈನಿಕರನ್ನು (ಚೀನಾದ ಮೊದಲ ಚಕ್ರವರ್ತಿಯ ಗೋರಿ ಕಾಯಲೆಂದು ಹೂತಿಟ್ಟ ಮೂರ್ತಿಗಳು) ನೋಡಲು ಹೊರಟವರು ಇದನ್ನು ಓದಿಕೊಂಡೇ ಹೋಗಿ. ರೈಲ್ವೆ ಸ್ಟೇಷನ್ ಹೊರಗೆ ಕುತ್ತಿಗೆಗೆ ಕಾರ್ಡ್ ನೇತುಹಾಕಿಕೊಂಡು, ನಗುನಗುತ್ತಾ ಇಂಗ್ಲಿಷ್‌ನಲ್ಲಿ ಮಾತಾಡಿಸುವವರ ವ್ಯಾನ್ ಹತ್ತಲೇಬೇಡಿ.

ನಮಗೆ ಗಂಟುಬಿದ್ದವನು ಇವತ್ತು ಬಸ್ಸೇ ಇಲ್ಲ ಎಂದ. ಸುಳ್ಳು. ಆದರೆ ಜೊತೆಗೆ ವಯಸ್ಸಾದ ಮಾವ ಇದ್ದರು, ಬಿಸಿಲು ಬೇರೆ. ಸೈನಿಕರಿರುವ ಲಿಂಟಾಂಗ್ ಪೂರ್ವಕ್ಕೆ 35 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ವ್ಯಾನ್ ಹೋಗಿದ್ದೂ ಅದೇ ದಾರಿಯಲ್ಲೇ. ನಿಂತಿದ್ದು ಮಾತ್ರ ಒಂದು ‘ಭೂಗತ ಅರಮನೆ’ ಮುಂದೆ. ಅದಕ್ಕೆ ಬೇರೆ ಟಿಕೆಟ್.

ಒಳಗೆ ಕತ್ತಲು, ಕೆಂಪು-ಹಸಿರು ಬಲ್ಬು. ಸಿಮೆಂಟ್ ಕಾಲುವೆಗೆ ಬೆಳ್ಳಿ ಬಣ್ಣ ಬಳಿದು ‘ಪಾದರಸದ ನದಿ’ ಎಂದರು. ಒಂದು ಕಡೆ ಬಣ್ಣ ಎದ್ದು ಸಿಮೆಂಟ್ ಕಾಣುತ್ತಿತ್ತು. ಮಾವ ರಿಟೈರ್ಡ್ ಹಿಸ್ಟರಿ ಮೇಷ್ಟ್ರು. "ಏನಪ್ಪಾ ಇದು, ಆ ಗೋರಿ ಇನ್ನೂ ಅಗೆದೇ ಇಲ್ವಲ್ಲ?" ಎಂದು ನನ್ನನ್ನು ಕೇಳಿದರು. ಗೈಡ್‌ಗೆ ಅದನ್ನೇ ಕೇಳಿದೆ. "ಹೊಸದಾಗಿ ತೆರೆದಿದ್ದಾರೆ" ಅಂದುಬಿಟ್ಟ, ಕಣ್ಣು ಮಿಟುಕಿಸದೆ!

ಮಾವ ಹೇಳಿದ್ದೇ ನಿಜ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್ ಸತ್ತಿದ್ದು ಕ್ರಿ.ಪೂ. 210ರಲ್ಲಿ. ಅವನ ಗೋರಿಯ ಒಳಕೋಣೆಯನ್ನು ಇವತ್ತಿಗೂ ಯಾರೂ ತೆರೆದಿಲ್ಲ. ಹೊರಗಿನಿಂದ ಕಾಣುವುದು ಗಿಡಮರ ಬೆಳೆದ ಒಂದು ಮಣ್ಣಿನ ದಿಬ್ಬ, ಅಷ್ಟೇ. ಒಳಗೆ ಪಾದರಸದ ನದಿಗಳಿವೆ ಎಂದು ಬರೆದವನು ಇತಿಹಾಸಕಾರ ಸಿಮಾ ಚಿಯೆನ್, ಅದೂ ಸುಮಾರು ನೂರು ವರ್ಷ ಆದಮೇಲೆ. ದಿಬ್ಬದ ಮಣ್ಣಿನಲ್ಲಿ ಪಾದರಸ ಜಾಸ್ತಿ ಇರುವುದು ಪರೀಕ್ಷೆಯಲ್ಲಿ ಕಂಡಿದೆ. ಈ ಮೋಸದವರು ಬಂಡವಾಳ ಮಾಡಿಕೊಂಡಿರುವುದೂ ಅದನ್ನೇ. ಆದ್ದರಿಂದ ‘ಗೋರಿ ಒಳಗೆ’ ಎಂದು ಯಾರೇ ಕರೆದರೂ ಅಲ್ಲಿರುವುದು ನಕಲು.

ಆಮೇಲೆ ಜೇಡ್ ಎಂಬ ಹಸಿರು ಕಲ್ಲಿನ ಒಡವೆ ಅಂಗಡಿ. ಡ್ರೈವರ್ ಊಟಕ್ಕೆ ಹೋಗಿದ್ದಾನೆ ಎಂದು ಕೂರಿಸಿ, ಬಳೆ ಮೇಲೆ ಬಳೆ ತೋರಿಸಿದರು. ಏನೂ ಕೊಳ್ಳದಿದ್ದಾಗ ಗೈಡ್‌ನ ನಗು ಮಾಯ. ಕೊನೆಗೆ ನಾವೇ ಟ್ಯಾಕ್ಸಿ ಹಿಡಿದು ಮ್ಯೂಸಿಯಂ ಸೇರಿದಾಗ ಸಂಜೆಯಾಗುತ್ತಾ ಬಂದಿತ್ತು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆ ಸೈನ್ಯ ಇರುವುದು ದಿಬ್ಬದಿಂದ ಸುಮಾರು ಒಂದೂವರೆ ಕಿಲೋಮೀಟರ್ ಆಚೆ. ಸೈನಿಕರು ನಿಂತಿರುವ ಮೂರು ಗುಂಡಿಗಳಲ್ಲಿ ಮೊದಲನೆಯದೊಂದೇ 230 ಮೀಟರ್ ಉದ್ದ. ನಿಧಾನವಾಗಿ ಒಂದೊಂದು ಮುಖ ನೋಡಬೇಕಾದ ಜಾಗ ಅದು. ನಾವು ಕಟಕಟೆ ಹಿಡಿದುಕೊಂಡು ಓಡಿದೆವು. ಎರಡು, ಮೂರನೇ ಗುಂಡಿ ಸರಿಯಾಗಿ ನೋಡಲೇ ಇಲ್ಲ. ಮಾವನಿಗೆ ಆ ಕೋಪ ಇನ್ನೂ ಹೋಗಿಲ್ಲ.

ಹೋಗುವವರು ಮೆಟ್ರೊ 9ನೇ ಲೈನ್‌ನಲ್ಲಿ ಹುವಾಚಿಂಗ್ ಚಿ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿಂದ ಸಿಟಿ ಬಸ್ಸೋ ಮೀಟರ್ ಟ್ಯಾಕ್ಸಿಯೋ ಸಾಕು. ಮ್ಯೂಸಿಯಂ ಹೆಸರನ್ನು ಚೀನೀ ಲಿಪಿಯಲ್ಲಿ ಮೊದಲೇ ಫೋನ್‌ನಲ್ಲಿ ಇಟ್ಟುಕೊಂಡು ಡ್ರೈವರ್‌ಗೆ ತೋರಿಸಿ, ದಾರಿಯಲ್ಲಿ ಬೇರೆಲ್ಲಾದರೂ ನಿಲ್ಲಿಸಿದರೆ ಇಳಿಯಬೇಡಿ. ಟಿಕೆಟ್ ಪಾಸ್‌ಪೋರ್ಟ್ ಹೆಸರಿನಲ್ಲೇ ಮಾಡಬೇಕು, ಪಾಸ್‌ಪೋರ್ಟನ್ನು ಹೋಟೆಲ್ ರೂಮಿನಲ್ಲಿ ಬಿಟ್ಟು ಹೋಗಬೇಡಿ.